ಅಜ್ಜಿಯ ಹೂವಿನೆಣ್ಣೆ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಈ ಶಾಲೆಯಲ್ಲಿ ಮೂವತ್ತಾರು ವರ್ಷ ವಿಜ್ಞಾನವನ್ನು ಬೋಧಿಸಿದ ನಾನು ಆ ವಿಷಯವನ್ನೇ ಕುರಿತು ಏನಾದರೂ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಬರೆಯಹೊರಟಿರುವುದು ಮನೆಯಲ್ಲಿ ಹೂವಿನೆಣ್ಣೆಯನ್ನು ತಯಾರಿಸುವ ಬಗೆಯನ್ನು ಕುರಿತು. ಇಂತಹ ಗಂಭೀರ ಸಂಚಿಕೆಯಲ್ಲಿ ತಲೆಗೆ ಹಚ್ಚುವ ಎಣ್ಣೆಯ ಮಾತೇಕೆಂದು ಓದುಗ ಮಹನೀಯರು ಹುಬ್ಬೇರಿಸಬಹುದು. ಬಾಲ್ಯದಲ್ಲಿ ನಾನು ಅರಿಯದೆ ಆಡಿದ ಒಂದು ಮಾತು ಈ ಎಣ್ಣೆಯೊಡನೆ ಬೆರೆತುಕೊಂಡಿದೆ. ಅದನ್ನು ಅರವತ್ತು ವರ್ಷಗಳಿಂದ ಯಾರಲ್ಲಿಯೂ ಹೇಳಿಕೊಂಡವನಲ್ಲ. ಎಪ್ಪತ್ತು ದಾಟಿದ ಮೇಲೆ ಹೇಳದೆ ಉಳಿಸಿಕೊಳ್ಳುವುದು ಸರಿಯಲ್ಲವೆಂದು ತೋರಿತು.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಉತ್ತರಕ್ಕೆ, ಹೆಮ್ಮಾಡಿಯ ಸಮೀಪದ ಒಂದು ಹಳ್ಳಿಯಲ್ಲಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಗದ್ದೆಗಳು ಮತ್ತು ತೆಂಗಿನ ತೋಟಗಳು. ಸೌಪರ್ಣಿಕೆಯೇ ಮೊದಲಾದ ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಸಮುದ್ರವನ್ನು ಸೇರುವ ನೆಲವದು. ಹೆಮ್ಮಾಡಿಯ ಸೇವಂತಿಗೆ ನಮ್ಮ ಭಾಗದಲ್ಲಿ ಹೆಸರುವಾಸಿ. ಮಕರ ಸಂಕ್ರಾಂತಿಯಂದು ನಡೆಯುವ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಅದು ರಾಶಿರಾಶಿಯಾಗಿ ಹೋಗುತ್ತದೆ. ಆದರೆ ನಮ್ಮ ಅಜ್ಜಿ ಸೇವಂತಿಗೆಯನ್ನು ಎಂದೂ ಎಣ್ಣೆಗೆ ಹಾಕಿದವಳಲ್ಲ. ಅವಳ ಎಣ್ಣೆಗೆ ಸಲ್ಲುತ್ತಿದ್ದ ಹೂವುಗಳು ಮೂರು: ಸುರಗಿ, ರಂಜೆ ಮತ್ತು ಮಲ್ಲಿಗೆ. ಮಳೆಗಾಲದಲ್ಲಿ ಹೊಳೆಯ ದಂಡೆಯ ಪೊದೆಗಳಿಂದ ಕೇದಗೆಯೂ ಮನೆಗೆ ಬರುತ್ತಿತ್ತು; ಅದರ ಸ್ಥಾನ ಮಾತ್ರ ಸೀರೆಗಳ ಪೆಟ್ಟಿಗೆಯಲ್ಲಿ.

ಅಜ್ಜಿಯ ತವರು ಬೈಂದೂರಿನ ಕಡೆಯದು. ಘಟ್ಟದ ಬುಡದ ಆ ಊರಿನಿಂದ ಬೇಸಗೆಯ ಆರಂಭದಲ್ಲಿ ಯಾರಾದರೂ ಬಂದರೆ ಸುರಗಿಯ ಮಾಲೆಗಳನ್ನು ತಪ್ಪದೆ ತರುತ್ತಿದ್ದರು. ಸುರಗಿ ಒಣಗಿದರೂ ಪರಿಮಳವನ್ನು ಬಿಡುವುದಿಲ್ಲ, ತಿಂಗಳುಗಟ್ಟಲೆ ಉಳಿಯುತ್ತದೆ. ರಂಜೆಯೂ ಅಂತಹುದೇ. ಬಕುಲವೆಂದು ಕವಿಗಳು ಕರೆಯುವ ಈ ಹೂವು ಮರದಡಿಯಲ್ಲಿ ಉದುರಿ ಬಿದ್ದಿರುತ್ತದೆ. ನಸುಕಿನಲ್ಲಿ ಅದನ್ನು ಹೆಕ್ಕಿ ತರುವುದು ಮಕ್ಕಳಾದ ನಮ್ಮ ಕೆಲಸ. ಈ ಎರಡು ಹೂವುಗಳನ್ನು ನೆರಳಿನಲ್ಲಿ ಒಣಗಿಸಿ ಕೊಬ್ಬರಿ ಎಣ್ಣೆಯ ಭರಣಿಗೆ ಹಾಕಿ ಬಾಯಿ ಕಟ್ಟಿಟ್ಟರೆ ಅವು ತಮ್ಮ ಪಾಡಿಗೆ ಪರಿಮಳವನ್ನು ಬಿಟ್ಟುಕೊಡುತ್ತಿದ್ದವು. ಮಲ್ಲಿಗೆಯ ಮಾತು ಹಾಗಲ್ಲ. ಅದು ಒಂದು ರಾತ್ರಿಯ ಹೂವು. ಬೆಳಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳುತ್ತದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾಡಿ ಕಂದಾಗುತ್ತದೆ. ಆ ಒಂದು ರಾತ್ರಿಯನ್ನು ಎಣ್ಣೆಯೊಳಗೆ ಹಿಡಿದಿಡುವುದೇ ಅಜ್ಜಿಯ ವಿದ್ಯೆ.

ಅವಳು ಮಾಡುತ್ತಿದ್ದ ಕ್ರಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಂಗಳದ ಗಿಡಗಳಿಂದ ಬಿಡಿಸಿದ ಮೊಗ್ಗುಗಳಲ್ಲಿ ಮಾಲೆಗೆ ಒದಗುವುದನ್ನು ಅತ್ತೆಯಂದಿರು ಆರಿಸಿ, ಬಾಳೆಯ ನಾರಿನಲ್ಲಿ ಕಟ್ಟುತ್ತಿದ್ದರು. ತೊಟ್ಟು ಮುರಿದದ್ದು, ಗಿಡ್ಡಾದದ್ದು, ಆಗಲೇ ಬಿರಿಯತೊಡಗಿದ್ದು ಅಜ್ಜಿಯ ಪಾಲಿಗೆ. ಅವುಗಳನ್ನು ಗೆರಸೆಯಲ್ಲಿ ಹರವಿ, ಇಬ್ಬನಿಯ ಪಸೆ ಆರುವವರೆಗೆ ಜಗಲಿಯ ನೆರಳಿನಲ್ಲಿ ಇಡುತ್ತಿದ್ದಳು. ಸಂಜೆ ಮೊಗ್ಗು ಬಾಯಿ ಬಿಡುವ ಹೊತ್ತಿಗೆ ಕಂಚಿನ ಹರಿವಾಣದಲ್ಲಿ ಎರಡು ಕುಡ್ತೆ ಕೊಬ್ಬರಿ ಎಣ್ಣೆಯನ್ನು ಸುರಿದು, ಎರಡು ಬೊಗಸೆ ಹೂವನ್ನು ಅದರಲ್ಲಿ ಹರಡಿ, ಮೇಲೊಂದು ತಟ್ಟೆಯನ್ನು ಮುಚ್ಚುವಳು. ಮರುದಿನ ಸಂಜೆ ಬಾಡಿದ ಹೂವುಗಳನ್ನು ತೆಗೆದು, ಎಣ್ಣೆಯನ್ನು ಪಾಣಿಪಂಚೆಯಲ್ಲಿ ಸೋಸಿ, ಅದೇ ಎಣ್ಣೆಗೆ ಅಂದಿನ ಹೊಸ ಹೂವು. ಹೀಗೆ ಒಂಬತ್ತು ದಿನ. ಕೊನೆಗೆ ಎಣ್ಣೆಯನ್ನು ಮೂರು ದಿನ ಅಲುಗಿಸದೆ ಇಟ್ಟು, ತಳದಲ್ಲಿ ನಿಂತ ಹೂವಿನ ನೀರನ್ನು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಭರಣಿಗೆ ತುಂಬುವಳು.

ನಾನೊಮ್ಮೆ, ಒಲೆಯ ಮೇಲೆ ಇಟ್ಟರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. ಅದಕ್ಕೆ ಅಜ್ಜಿ ನಮ್ಮೂರಿನ ಕನ್ನಡದಲ್ಲಿ ಹೇಳಿದ್ದು: "ಎಣ್ಣಿ ಕಾಯೂಕಾಗ ಮಗಾ, ನಾವ್ ಕಾಯ್ಕ್." ಎಣ್ಣೆ ಬಿಸಿಯಾಗಬಾರದು, ನಾವು ತಾಳ್ಮೆಯಿಂದ ಕಾದಿರಬೇಕು ಎಂದು ಅದರ ತಾತ್ಪರ್ಯ. ಒಂದೇ ಕ್ರಿಯಾಪದವು ಎರಡು ಅರ್ಥಗಳನ್ನು ಹೊತ್ತು ನಿಂತಿರುವುದು ಅಂದು ನನಗೆ ತಮಾಷೆಯಾಗಿ ಕಂಡಿತ್ತು. ನಕ್ಕು ಓಡಿಹೋದೆ.

ಅಜ್ಜಿ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವಳು. ನಾನು ಕಂಡ ದಿನದಿಂದ ಅವಳ ಹಣೆಯಲ್ಲಿ ಕುಂಕುಮವಾಗಲಿ ತಲೆಯಲ್ಲಿ ಹೂವಾಗಲಿ ಇರಲಿಲ್ಲ. ಆ ಕಾಲದ ಕಟ್ಟಳೆ ಅದು. ಮನೆಯವರಾರೂ ಅವಳನ್ನು ಕಠಿಣವಾಗಿ ನಡೆಸಿಕೊಂಡವರಲ್ಲ. ಊರಿನ ಮದುವೆಗಳಲ್ಲಿ ಅವಳು ಮುಂದಿನ ಸಾಲಿಗೆ ಬರುತ್ತಿರಲಿಲ್ಲ. ಆದರೆ ಮದುಮಗಳ ಎಣ್ಣೆ ಸ್ನಾನಕ್ಕೆ ಅವಳ ಭರಣಿಯಿಂದ ಎಣ್ಣೆ ಹೋಗುತ್ತಿತ್ತು. ದೀಪಾವಳಿಯಲ್ಲಿ ಮಕ್ಕಳೆಲ್ಲರನ್ನೂ ಮಣೆಯ ಮೇಲೆ ಕುಳ್ಳಿರಿಸಿ ಅವಳೇ ಎಣ್ಣೆ ಹಚ್ಚುತ್ತಿದ್ದಳು. ಎಲ್ಲರಿಗೂ ಹಚ್ಚಿದ ಬಳಿಕ, ಅಂಗೈಯಲ್ಲಿ ಮೆತ್ತಿಕೊಂಡು ಉಳಿದುದನ್ನು ತನ್ನ ನರೆತ ಕೂದಲಿಗೆ ಒರೆಸಿಕೊಳ್ಳುವಳು. ಎಣ್ಣೆಯನ್ನು ಸೋಸಿದ ದಿನಗಳಲ್ಲಿಯೂ ಹಾಗೆಯೇ. ನಾನು ಅದನ್ನು ಗಮನಿಸಿದ್ದೆ. ಅದರಲ್ಲಿ ಗಮನಿಸುವಂತಹುದು ಏನಾದರೂ ಇದೆಯೆಂದು ತಿಳಿದಿರಲಿಲ್ಲ.

1962ರ ಬೇಸಗೆ. ನನಗೆ ಎಂಟು ವರ್ಷ. ಕಿರಿಯ ಅತ್ತೆಯ ಮದುವೆಯ ಮಾತುಕತೆಗೆಂದು ವರನ ಕಡೆಯವರು ಬಂದು ಜಗಲಿಯಲ್ಲಿ ಕುಳಿತಿದ್ದರು. ಅಜ್ಜಿ ಒಳಬಾಗಿಲ ಪಕ್ಕದಲ್ಲಿ, ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಅವಳ ಬೆನ್ನ ಮೇಲೆ ಬಿದ್ದು, ಕೊರಳಿಗೆ ಕೈ ಹಾಕಿ, ಎಲ್ಲರಿಗೂ ಕೇಳುವಂತೆ, ಅಜ್ಜಿಯ ತಲೆಯಲ್ಲಿ ಮಲ್ಲಿಗೆಯ ಪರಿಮಳ ಬರುತ್ತದೆಯೆಂದು ಕೂಗಿದೆ.

ಯಾರೂ ಏನನ್ನೂ ಅನ್ನಲಿಲ್ಲ. ಬಂದವರಲ್ಲಿ ಹಿರಿಯರಾದ ಒಬ್ಬ ಹೆಂಗಸು ಅಜ್ಜಿಯ ಕಡೆಗೆ ಒಮ್ಮೆ ನೋಡಿ ಮುಖವನ್ನು ತಿರುಗಿಸಿದರು. ಅಜ್ಜಿ ನನ್ನ ಕೈಗಳನ್ನು ಕೊರಳಿಂದ ಮೆಲ್ಲನೆ ಬಿಡಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಮದುವೆಯ ಮಾತು ಮುಂದುವರಿಯಿತು, ಸಂಬಂಧವೂ ಕೂಡಿಬಂದಿತು. ನನ್ನನ್ನು ಗದರಿಸಿದವರಿಲ್ಲ. ಆದರೆ ಮುಂದೆ ಅಜ್ಜಿ ಎಣ್ಣೆಯ ಕೈಯನ್ನು ತಲೆಗೆ ಒರೆಸಿಕೊಂಡುದನ್ನು ನಾನು ಕಾಣಲಿಲ್ಲ. ಉಳಿದುದನ್ನು ನಮ್ಮ ಕಾಲುಗಳಿಗೆ ಒರೆಸಿ, ಬಚ್ಚಲಿಗೆ ಹೋಗಿ, ಸೀಗೆಪುಡಿಯಿಂದ ಕೈಯನ್ನು ಉಜ್ಜಿ ತೊಳೆಯುತ್ತಿದ್ದಳು. ಎಣ್ಣೆ ಮಾಡುವುದನ್ನು ಮಾತ್ರ ಬಿಡಲಿಲ್ಲ. ನಾನು ಏನೋ ತಪ್ಪು ಮಾಡಿದ್ದೇನೆಂಬುದಷ್ಟೇ ಗೊತ್ತಾಯಿತು. ಏನೆಂದು ತಿಳಿಯಲು ಹಲವು ವರ್ಷಗಳು ಬೇಕಾದವು.

ನಮ್ಮ ಕಡೆಯ ಅನೇಕರಂತೆ ನನ್ನ ಸೋದರಮಾವನೂ ಘಟ್ಟ ಹತ್ತಿ ಬಂದು ಬಯಲುಸೀಮೆಯ ಈ ಊರಿನಲ್ಲಿ ಹೋಟೆಲನ್ನು ನಡೆಸುತ್ತಿದ್ದರು. 1967ರಲ್ಲಿ ಅವರು ನನ್ನನ್ನು ಕರೆತಂದು ಶ್ರೀಮಠದ ಈ ಶಾಲೆಗೆ ಸೇರಿಸಿದರು. ಉಚಿತ ಪ್ರಸಾದ ನಿಲಯದಲ್ಲಿ ನನಗೆ ಆಶ್ರಯ ದೊರೆಯಿತು. ಜಾತಿಯನ್ನಾಗಲಿ ಊರನ್ನಾಗಲಿ ಕೇಳದೆ ನನಗೆ ಅನ್ನ ಮತ್ತು ಅಕ್ಷರಗಳನ್ನು ನೀಡಿದ ಈ ಸಂಸ್ಥೆಯ ಋಣವನ್ನು ನಾನು ಮರೆಯಲಾರೆ. ಹೊರಡುವಾಗ ಅಜ್ಜಿ ಒಂದು ಸೀಸೆಯಲ್ಲಿ ಹೂವಿನೆಣ್ಣೆಯನ್ನು ತುಂಬಿ ಕೊಟ್ಟಿದ್ದಳು. ಮಾರ್ಗಶಿರದ ಚಳಿಗೆ ಅದು ಸೀಸೆಯಲ್ಲಿಯೇ ಬೆಳ್ಳಗೆ ಹೆಪ್ಪುಗಟ್ಟಿತು. ಕಡಲ ತೀರದ ಸೆಕೆಯಲ್ಲಿ ಬೆಳೆದ ನಾನು ಎಣ್ಣೆ ಹಾಗೆ ಕಲ್ಲಾದುದನ್ನು ಅದುವರೆಗೆ ಕಂಡಿರಲಿಲ್ಲ, ಕೆಟ್ಟಿತೆಂದು ಅತ್ತುಬಿಟ್ಟೆ. ವಿಜ್ಞಾನದ ಗುರುಗಳು ಸೀಸೆಯನ್ನು ಬಿಸಿಲಿನಲ್ಲಿರಿಸಿ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದೆಂದೂ ಅದರಿಂದ ಏನೂ ಕೆಡುವುದಿಲ್ಲವೆಂದೂ ತೋರಿಸಿಕೊಟ್ಟರು. ನನಗೆ ರಸಾಯನ ಶಾಸ್ತ್ರದ ಮೊದಲ ಪಾಠ ಅದೇ. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಅವಳೊಡನೆ ಮನೆಯ ಹೂವಿನೆಣ್ಣೆಯೂ ನಿಂತಿತು. ಅದು ಹೆಂಗಸರ ಕೆಲಸವೆಂದು ನಾನು ಕಲಿಯಲಿಲ್ಲ. ಪೇಟೆಯಲ್ಲಿ ಎಣ್ಣೆ ಸಿಗುವುದೆಂದು ಉಳಿದವರೂ ಕಲಿಯಲಿಲ್ಲ.

1978ರಲ್ಲಿ ನಾನು ಇದೇ ಶಾಲೆಯಲ್ಲಿ ಅಧ್ಯಾಪಕನಾಗಿ ಸೇರಿ, 2014ರಲ್ಲಿ ನಿವೃತ್ತನಾದೆ. 2020ರ ಮಾರ್ಚ್ ತಿಂಗಳಿನಲ್ಲಿ ಬ್ರಹ್ಮಾವರದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು; ಹಿಂದಿರುಗಲು ದಾರಿಯಿಲ್ಲದೆ ಅಲ್ಲಿಯೇ ಉಳಿದೆ. ತಂಗಿಯ ಅಂಗಳದಲ್ಲಿ ಶಂಕರಪುರದ ತಳಿಯ ಮಲ್ಲಿಗೆ ಗಿಡಗಳಿವೆ. ಉಡುಪಿ ಮಲ್ಲಿಗೆಯೆಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವು ಅದು. 800 ಹೂವುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ ಎಂಬುದು ಅದರ ಲೆಕ್ಕ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಖರ್ಚು, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಈ ಅಟ್ಟೆಗಳಿಂದಲೇ ಹೊರಡುತ್ತವೆ. ಆ ಬೇಸಗೆಯಲ್ಲಿ ದೇವಸ್ಥಾನಗಳು ಮುಚ್ಚಿದ್ದವು, ಮದುವೆಗಳು ನಿಂತುಹೋಗಿದ್ದವು, ಹೂವನ್ನು ಕೊಳ್ಳುವವರಿರಲಿಲ್ಲ. ಗಿಡಗಳಿಗೆ ಮಾತ್ರ ಈ ಸುದ್ದಿ ತಿಳಿಯಲಿಲ್ಲ. ಫಸಲಿನ ಕಾಲವಾದುದರಿಂದ ಅವು ದಿನವೂ ಮೈತುಂಬ ಮೊಗ್ಗು ಬಿಡುತ್ತಿದ್ದವು. ಬಿಡಿಸದೆ ಬಿಟ್ಟ ಹೂವು ಗಿಡದಲ್ಲಿಯೇ ಅರಳಿ ಕಂದುವುದನ್ನು ನೋಡಲಾರದೆ ತಂಗಿ ಒಂದು ದಿನ, "ಅಣ್ಣಯ್ಯ, ಅಜ್ಜಿಯ ಎಣ್ಣೆಯನ್ನಾದರೂ ಮಾಡೋಣ, ನಿನಗೆ ಗೊತ್ತಿರಬೇಕಲ್ಲ" ಎಂದಳು.

ಮೂವತ್ತಾರು ವರ್ಷ ವಿಜ್ಞಾನವನ್ನು ಬೋಧಿಸಿದ ಹೆಮ್ಮೆಯಿಂದ ನಾನು ಎಣ್ಣೆಯನ್ನು ಒಲೆಯ ಮೇಲಿಟ್ಟು ಕಾಯಿಸಿ ಮೊಗ್ಗುಗಳನ್ನು ಸುರಿದೆ. ಕೆಲವೇ ನಿಮಿಷಗಳಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿದವು. ಮನೆಯೆಲ್ಲ ಹುರಿದ ಸೊಪ್ಪಿನ ವಾಸನೆ. ಎರಡನೆಯ ಸಲ ಒಲೆಯನ್ನು ಬಿಟ್ಟು, ಆಗತಾನೆ ತೊಳೆದ ಹೂವನ್ನು ಹಾಗೆಯೇ ಎಣ್ಣೆಗೆ ಹಾಕಿದೆ. ನಾಲ್ಕನೆಯ ದಿನ ಹುಳಿ ವಾಸನೆ ಹೊಡೆಯಿತು. ಆ ರಾತ್ರಿ ಅಜ್ಜಿಯ ಮಾತು ಕಿವಿಯಲ್ಲಿ ಮರುಕೊಳಿಸಿತು. ಮೂರನೆಯ ಸಲ ಗೆರಸೆ, ನೆರಳು, ಹರಿವಾಣ, ಪಾಣಿಪಂಚೆ, ಒಂಬತ್ತು ದಿನ ಎಲ್ಲವನ್ನೂ ಅವಳು ಮಾಡಿದಂತೆಯೇ ಮಾಡಿದೆವು. ಹನ್ನೆರಡನೆಯ ದಿನ ತಂಗಿ ಭರಣಿಯ ಮುಚ್ಚಳವನ್ನು ತೆರೆದು, ಒಂದು ಮಾತನ್ನೂ ಆಡದೆ, ಅದನ್ನು ನನ್ನ ಕೈಗೆ ಕೊಟ್ಟಳು.

ಇದರಲ್ಲಿ ಅಡಗಿರುವ ಶಾಸ್ತ್ರ ಸರಳವಾದುದು. ಮಲ್ಲಿಗೆಯ ಪರಿಮಳವು ಮೊಗ್ಗಿನಲ್ಲಿ ಸಿದ್ಧವಾಗಿ ತುಂಬಿಟ್ಟ ವಸ್ತುವಲ್ಲ. ಅರಳುವಾಗ, ಅರಳಿದ ಬಳಿಕ, ಗಿಡದಿಂದ ಬೇರ್ಪಟ್ಟ ಮೇಲೆಯೂ ಹಲವು ಗಂಟೆಗಳ ಕಾಲ ಎಸಳುಗಳು ಅದನ್ನು ಉತ್ಪಾದಿಸುತ್ತಲೇ ಇರುತ್ತವೆ. ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮೊದಲಾದವು ಆ ಪರಿಮಳದ ಘಟಕಗಳು. ಇವು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತವೆ. ಬಿಸಿ ಎಣ್ಣೆಗೆ ಬಿದ್ದ ಹೂವು ಸತ್ತುಹೋಗುತ್ತದೆ. ಸತ್ತ ಹೂವು ಹೊಸದಾಗಿ ಏನನ್ನೂ ಉತ್ಪಾದಿಸದು. ತಣ್ಣನೆಯ ಎಣ್ಣೆಯ ಸಂಗದಲ್ಲಿ ಅದು ರಾತ್ರಿಯಿಡೀ ತನ್ನ ಕೆಲಸವನ್ನು ಮಾಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಸಂತೃಪ್ತ ಕೊಬ್ಬು ಇರುವುದರಿಂದ ಅದು ಗಾಳಿಗೆ ಬೇಗ ಕೆಡುವುದಿಲ್ಲ. ಅದರ ಶತ್ರು ನೀರು. ಹೂವಿನ ಪಸೆ ಉಳಿದರೆ ಬೂಷ್ಟು ಹಿಡಿದು ಎಣ್ಣೆ ಕಮಟಾಗುತ್ತದೆ. ಆದುದರಿಂದಲೇ ಮೊದಲಿಗೆ ಗೆರಸೆ, ಕೊನೆಗೆ ಮೂರು ದಿನದ ವಿಶ್ರಾಂತಿ. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧ ತಯಾರಕರು ಗಾಜಿನ ಹಲಗೆಗಳ ಮೇಲೆ ಪ್ರಾಣಿಗಳ ಶುದ್ಧೀಕರಿಸಿದ ಕೊಬ್ಬನ್ನು ಸವರಿ, ಮಲ್ಲಿಗೆಯನ್ನು ದಿನದಿನವೂ ಬದಲಿಸುತ್ತ ಪರಿಮಳವನ್ನು ಸಂಗ್ರಹಿಸುತ್ತಿದ್ದರು. ಅವರ ಗಾಜಿನ ಹಲಗೆಯೂ ನಮ್ಮ ಅಜ್ಜಿಯ ಹರಿವಾಣವೂ ಮಾಡಿದ ಕಾರ್ಯ ಒಂದೇ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೂ ಅಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ, ವೃಕ್ಷಾಯುರ್ವೇದಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಒಂದು ಅಧ್ಯಾಯ ಮೀಸಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ, ಕೇದಗೆ, ಸಂಪಿಗೆ ಮೊದಲಾದ ಹೂವುಗಳಿಂದ ವಾಸನೆಗೊಳಿಸಿದ ಎಳ್ಳೆಣ್ಣೆಯ ಅಭ್ಯಂಜನದ ವಿವರವಿದೆ. ಮುಂದೆ ಕೆಲವೇ ದಶಕಗಳಲ್ಲಿ ಶರಣರ ನೆಲೆಯಾದುದು ಅದೇ ಕಲ್ಯಾಣ. ಅರಸರ ಸ್ನಾನಗೃಹದ ಎಣ್ಣೆ ಗ್ರಂಥಸ್ಥವಾಯಿತು. ಅಕ್ಷರ ಬಾರದ ನಮ್ಮ ಅಜ್ಜಿಯ ಎಣ್ಣೆಗೆ ಅವಳ ಒಂದೇ ವಾಕ್ಯವು ಗ್ರಂಥ.

ಆ ವರ್ಷ ಸಂಚಾರ ಮತ್ತೆ ಆರಂಭವಾದಾಗ ಹನ್ನೆರಡು ಸೀಸೆ ಎಣ್ಣೆಯೊಡನೆ ಹಿಂದಿರುಗಿದೆ. ಹಳೆಯ ಸಹೋದ್ಯೋಗಿಗಳಿಗೆಲ್ಲ ಹಂಚಿ, ಉಳಿದ ಒಂದನ್ನು ಶ್ರೀಮಠದ ದಾಸೋಹದಲ್ಲಿ ಬಹುಕಾಲದಿಂದ ರೊಟ್ಟಿ ಬಡಿಯುವ ಒಬ್ಬ ತಾಯಿಗೆ ಕೊಡಹೋದೆ. ಅವರೂ ಗಂಡನನ್ನು ಕಳೆದುಕೊಂಡವರು. ಮಲ್ಲಿಗೆಯ ಎಣ್ಣೆಯೆಂದು ಹೇಳುವಾಗ ನನ್ನ ನಾಲಿಗೆ ತಡವರಿಸಿತು. ಎಂಟು ವರ್ಷದ ಬಾಲಕನ ಅಂಜಿಕೆ ಅದು. ಅವರು ಸೀಸೆಯ ಮುಚ್ಚಳವನ್ನು ತೆರೆದು ಮೂಸಿ, ಮುಗುಳ್ನಕ್ಕು, "ಹೂ ಮುಡಿಯಾಕ ಬರಂಗಿಲ್ರೀ ಸರ. ಎಣ್ಣಿ ಹಚ್ಕೊಂಡ್ರ ಯಾರ ಬ್ಯಾಡ ಅಂತಾರ?" ಎಂದರು. ಅಲ್ಲಿಯೇ ಎರಡು ಹನಿಯನ್ನು ಅಂಗೈಗೆ ಸುರಿದುಕೊಂಡು, ನನ್ನೆದುರಿಗೇ ಬೈತಲೆಗೆ ಸವರಿಕೊಂಡರು.

ಆಗ ನನಗೆ ಅಜ್ಜಿಯ ಒಂಬತ್ತು ದಿನಗಳ ಅರ್ಥವಾಯಿತು. ಮಾಲೆಗೆ ಒದಗದ ಹೂವನ್ನು ಆಯ್ದು, ಬೇರೆಯವರಿಗೆಂದು ಎಣ್ಣೆ ಮಾಡಿ, ಅಂಗೈಯಲ್ಲಿ ಉಳಿದುದರ ಮಟ್ಟಿಗೆ ಅವಳೂ ಹೂ ಮುಡಿಯುತ್ತಿದ್ದಳು. ಯಾರೂ ಅದನ್ನು ಕಂಡಿರಲಿಲ್ಲ, ಅಥವಾ ಕಂಡವರು ಕಾಣದಂತೆ ಇದ್ದರು. ಕಂಡದ್ದನ್ನು ಕೂಗಿ ಹೇಳಿದವನು ನಾನು. ಮಗುವಿನ ಬಾಯಿಯ ಮಾತೆಂದು ಹಿರಿಯರು ನನ್ನನ್ನು ಕ್ಷಮಿಸಿರಬಹುದು. ಅಜ್ಜಿಯಂತೂ ಅಂದೇ ಕ್ಷಮಿಸಿದ್ದಳು. ಆದರೂ ಅವಳ ಬಳಿ ಇದ್ದ ಅಷ್ಟು ಸ್ವಲ್ಪವೂ ನನ್ನ ಮಾತಿನಿಂದ ಹೋಯಿತೆಂಬುದು ಮಾತ್ರ ನಿಜ.

ಈಗ ಪ್ರತಿವರ್ಷ ಬೇಸಗೆಯಲ್ಲಿ ಬ್ರಹ್ಮಾವರಕ್ಕೆ ಹೋಗಿ ತಂಗಿಯೊಡನೆ ಎಣ್ಣೆಯನ್ನು ಮಾಡುತ್ತೇನೆ; ದಾಸೋಹದ ತಾಯಿಗೆ ಒಂದು ಸೀಸೆ ತಪ್ಪದೆ ತಲಪುತ್ತದೆ. ಈ ಸಂಚಿಕೆಯನ್ನು ಓದುವವರ ಹಿತ್ತಿಲಿನಲ್ಲಿ ಒಂದೇ ಒಂದು ಮಲ್ಲಿಗೆಯ ಗಿಡವಿದ್ದರೂ ಸಾಕು, ಮೇಲೆ ಹೇಳಿದ ಕ್ರಮದಂತೆ ಮಾಡಿ ನೋಡಬಹುದು. ಪಸೆ ಆರಿಸಿರಿ, ಒಲೆಯ ಹತ್ತಿರ ಒಯ್ಯಬೇಡಿರಿ, ಒಂಬತ್ತು ದಿನ ಕಾಯಿರಿ. ಅಜ್ಜಿಯ ಕ್ರಮದಲ್ಲಿ ನಾನು ಬದಲಿಸಿ ಹೇಳುವುದು ಕೊನೆಯ ಒಂದನ್ನು ಮಾತ್ರ. ಎಲ್ಲರಿಗೂ ಹಚ್ಚಿದ ಬಳಿಕ ಕೈಯನ್ನು ತೊಳೆಯಬಾರದು. ಎಣ್ಣೆ ಮಾಡಿದವರು ಯಾರೇ ಆಗಿರಲಿ, ಅಂಗೈಯಲ್ಲಿ ಉಳಿದುದನ್ನು ತಮ್ಮ ತಲೆಗೇ ಒರೆಸಿಕೊಳ್ಳಬೇಕು.